ಚೆಂಡಾಟದ ಅಂಕವೂ ಕರ್ಮದ ಫಲವೂ

ಫಲದ ಮೇಲೆ ತನಗೆ ಅಧಿಕಾರವಿಲ್ಲವೆಂದು ಒಪ್ಪಿದವನು ಕೆಲಸದಲ್ಲಿ ಕೌಶಲವನ್ನು ಏಕೆ ಬಯಸಬೇಕು ಎಂಬ ಪ್ರಶ್ನೆ ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿಯೇ ಅಡಗಿದೆ. ಅಲ್ಲಿನ 47ನೆಯ ಶ್ಲೋಕ ಅಧಿಕಾರವನ್ನು ಕರ್ಮಕ್ಕಷ್ಟೇ ಸೀಮಿತಗೊಳಿಸಿದರೆ, ಸ್ವಲ್ಪ ಮುಂದೆಯೇ ಬರುವ 50ನೆಯದು ಯೋಗವನ್ನು ಕರ್ಮದಲ್ಲಿನ ಕುಶಲತೆಯೆಂದು ಕರೆಯುತ್ತದೆ. ಶಂಕರಾಚಾರ್ಯರು ಈ ಕುಶಲತೆಯನ್ನು ಸಿದ್ಧಿ ಮತ್ತು ಅಸಿದ್ಧಿಗಳಲ್ಲಿ ಒಂದೇ ಬಗೆಯಾಗಿರುವ ಬುದ್ಧಿ, ಅಂದರೆ ಸಮತ್ವ, ಎಂದು ವ್ಯಾಖ್ಯಾನಿಸಿದ್ದಾರೆ. ಆದರೆ ಸಮತ್ವಕ್ಕೂ ಕೈಚಳಕಕ್ಕೂ ಇರುವ ನಂಟು ಯುದ್ಧ, ರಾಜ್ಯಗಳಂಥ ದೊಡ್ಡ ನಿದರ್ಶನಗಳಲ್ಲಿ ಫಲದ ಭಾರಕ್ಕೆ ಮರೆಯಾಗುತ್ತದೆ. ಫಲ ತೀರ ಹಗುರವಾಗಿರುವ ಒಂದು ಆಟದಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

2007ರಲ್ಲಿ ಅಂತರಜಾಲಕ್ಕೆ ಬಂದ ಬೂಮ್‌ಶೈನ್ ಅಂಥ ಒಂದು ಆಟ. ಪರದೆಯ ಮೇಲೆ ಬಣ್ಣಬಣ್ಣದ ಪುಟ್ಟ ಚೆಂಡುಗಳು ಅಂಚಿಗೆ ತಾಗಿ ಪುಟಿಯುತ್ತ ತೇಲಾಡುತ್ತವೆ. ಆಟಗಾರ ಒಂದು ಹಂತದಲ್ಲಿ ಒಂದೇ ಬಾರಿ ಕ್ಲಿಕ್ ಮಾಡಬಹುದು. ಕ್ಲಿಕ್ ಮಾಡಿದೆಡೆ ಒಂದು ವೃತ್ತ ಹಿಗ್ಗಿ, ಕೆಲವು ಕ್ಷಣ ನಿಂತು, ಕುಗ್ಗಿಹೋಗುತ್ತದೆ, ಅದನ್ನು ತಾಗಿದ ಚೆಂಡೂ ಹಾಗೆಯೇ ಹಿಗ್ಗಿ ಮತ್ತೊಂದನ್ನು ಸೆಳೆದುಕೊಳ್ಳುತ್ತದೆ. ಮೊದಲ ಹಂತದಲ್ಲಿ ಐದು ಚೆಂಡುಗಳಿದ್ದರೆ ಹನ್ನೆರಡನೆಯ, ಕೊನೆಯ ಹಂತದಲ್ಲಿ 60 ಇರುತ್ತವೆ. ಹೆಚ್ಚು ಅಂಕ ಬೇಕಿದ್ದವನು ಅವಸರಪಡಬಾರದು. ಚೆಂಡುಗಳು ಈಗ ಎಲ್ಲಿ ಗುಂಪಾಗಿವೆ ಎಂಬುದಕ್ಕಿಂತ ವೃತ್ತ ಹಿಗ್ಗುವ ಹೊತ್ತಿಗೆ ಎಲ್ಲಿ ಗುಂಪಾಗಲಿವೆ ಎಂಬುದನ್ನು ಅವುಗಳ ಚಲನೆಯಿಂದ ಊಹಿಸಬೇಕು. ನಾಲ್ಕೂ ದಿಕ್ಕುಗಳಿಂದ ಚೆಂಡು ಬರಬಹುದಾದ ನಡುಭಾಗವನ್ನು ಮೂಲೆಗಿಂತ ಮೇಲೆಂದು ಎಣಿಸಬೇಕು. ಕ್ಲಿಕ್ ಮಾಡಿದ ಮೇಲೆ ಸುಮ್ಮನೆ ನೋಡಬೇಕು, ಏಕೆಂದರೆ ಆಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಇಷ್ಟೆಲ್ಲ ಪಾಲಿಸಿದರೂ ಒಮ್ಮೆ ಪರದೆಯ ಬಹುಪಾಲು ಸಿಡಿದೀತು, ಇನ್ನೊಮ್ಮೆ ಎರಡು ಮೂರು ಚೆಂಡುಗಳಿಗೇ ಸರಪಳಿ ಕಡಿದುಹೋದೀತು.

ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಆಶ್ರಯವಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣ, ನಾನಾ ಬಗೆಯ ಚೇಷ್ಟೆ ಅಥವಾ ಚಲನೆ, ಐದನೆಯದಾಗಿ ದೈವ. ಆಟದಲ್ಲಿ ಆಟಗಾರನ ಪಾಲು ಈ ಐದರಲ್ಲಿ ಒಂದು ಭಾಗ ಮಾತ್ರ, ಆದರೆ ಆ ಭಾಗ ಸೊನ್ನೆಯಲ್ಲ. ಕಾದು ನೋಡಿದವನ ಕ್ಲಿಕ್‌ಗೂ ಕಣ್ಣುಮುಚ್ಚಿ ಒತ್ತಿದವನ ಕ್ಲಿಕ್‌ಗೂ ನೂರಾರು ಸರದಿಗಳಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ. ಫಲದ ಆತುರವಿಲ್ಲದವನೇ ಸರಿಯಾದ ಕ್ಷಣಕ್ಕಾಗಿ ಕಾಯಬಲ್ಲನಾದ್ದರಿಂದ, ಶಂಕರರ ಸಮತ್ವ ಇಲ್ಲಿ ಕೌಶಲದ ಮೂಲವೇ ಆಗುತ್ತದೆ.

ಅಂಕಕ್ಕಾಗಿಯೇ ಆಡುವ ಆಟವನ್ನು ನಿಷ್ಕಾಮವೆನ್ನುವುದು ಹೇಗೆ ಎಂಬ ಆಕ್ಷೇಪ ಗಟ್ಟಿಯಾದದ್ದು. ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರ ತಮ್ಮ ಗ್ರಂಥದಲ್ಲಿ, ಆಟವೆಂದರೆ ಅನವಶ್ಯಕ ಅಡ್ಡಿಗಳನ್ನು ತಾನಾಗಿ ಒಪ್ಪಿಕೊಂಡು ದಾಟುವ ಪ್ರಯತ್ನವೆಂದರು. ಅದನ್ನು ಮುಂದುವರಿಸಿ ಸಿ. ಥಿ ನ್ಗುಯೆನ್ 2020ರಲ್ಲಿ, ಗೆಲುವಿಗಾಗಿ ಹೆಣಗುವುದು ಒಂದು ಬಗೆಯಾದರೆ ಹೆಣಗಾಟದ ಸವಿಗಾಗಿ ಗೆಲುವಿನ ಬಯಕೆಯನ್ನು ತಾತ್ಕಾಲಿಕವಾಗಿ ತೊಟ್ಟುಕೊಳ್ಳುವುದು ಇನ್ನೊಂದು ಬಗೆಯೆಂದು ಬೇರ್ಪಡಿಸಿದರು. ಎರಡನೆಯ ಬಗೆಯಲ್ಲಿ ಅಂಕ ಕರ್ಮಕ್ಕೆ ದಿಕ್ಕು ತೋರುತ್ತದೆ, ಕರ್ತೃವನ್ನು ಆಳುವುದಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಸೃಷ್ಟಿಯನ್ನು ಪ್ರಯೋಜನಾಪೇಕ್ಷೆಯಿಲ್ಲದ ಲೀಲೆ ಎಂದಾಗ, ಮಧ್ವಾಚಾರ್ಯರು ಅದನ್ನು ಸುಖ ಉಕ್ಕಿದವನ ಹಾಡು-ಕುಣಿತಕ್ಕೆ ಹೋಲಿಸಿದರು. ಆ ನೆಲೆ ಪರಮಾತ್ಮನದು; ಕೊರತೆಯಿರುವ ಮನುಷ್ಯನಿಗೆ ಸಾಧ್ಯವಾಗುವುದು ಬಯಕೆಯನ್ನು ತೊಟ್ಟು, ಆಟ ಮುಗಿದೊಡನೆ ಕಳಚುವುದಷ್ಟೆ.

ಆ ಬಯಕೆಯನ್ನು ಕಳಚಲಾಗದಂತೆ, ಕೆಲವೊಮ್ಮೆ ಬಯಸದೆಯೇ ಬೆಲೆ ತೆರುವಂತೆ ಮಾಡುವ ಆಟಗಳು ಧರ್ಮದ ಪ್ರಶ್ನೆಯನ್ನು ಕಾನೂನಿನ ಅಂಗಳಕ್ಕೂ ಒಯ್ದಿವೆ. 1991ರಲ್ಲಿ ಮೇರಿಲ್ಯಾಂಡ್‌ನ ಪೊಟೊಮ್ಯಾಕ್‌ನಲ್ಲಿ ಹುಟ್ಟಿ, 1999ರಲ್ಲಿ ಉತ್ತರ ಕೆರೊಲಿನಾದ ಕೇರಿ ಪಟ್ಟಣಕ್ಕೆ ನೆಲೆ ಬದಲಿಸಿದ ಎಪಿಕ್ ಗೇಮ್ಸ್ ಸಂಸ್ಥೆ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ವಾಷಿಂಗ್ಟನ್ನಿನ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪಗಳನ್ನು ಇತ್ಯರ್ಥಪಡಿಸಲು 2022ರ ಡಿಸೆಂಬರಿನಲ್ಲಿ 52 ಕೋಟಿ ಡಾಲರ್ ಕೊಡಲು ಒಪ್ಪಿತು. ಗೊಂದಲದ ಗುಂಡಿಗಳಿಂದಾಗಿ ಆಟಗಾರರು ಬಯಸದೆಯೇ ಒಂದೇ ಒತ್ತಿಗೆ ಹಣ ತೆರುವಂತಾಯಿತೆಂಬುದು ಆ ಆರೋಪಗಳಲ್ಲೊಂದು, ಇದಕ್ಕಾಗಿ 24.5 ಕೋಟಿ ಡಾಲರ್ ಹಿಂದಿರುಗಿಸಬೇಕಾಯಿತು. ಚೇತನೆ, ಅಂದರೆ ಸಂಕಲ್ಪವೇ, ಕರ್ಮವೆಂದು ಬೌದ್ಧರು ಹೇಳುವ ಅರ್ಥದಲ್ಲಿ ಅಂಥ ಒತ್ತು ಕರ್ಮವೇ ಅಲ್ಲ, ಆದರೂ ಅದರ ಫಲವನ್ನು ಆಟಗಾರನೇ ಉಣ್ಣಬೇಕಾಯಿತು.

ಇಂಥ ಆಟಗಳ ನಾಡಿನಲ್ಲಿಯೇ ಗೀತೆಯನ್ನು ಓದುವ ಮನೆಗಳೂ ಇವೆ. ಅದೇ ಕೇರಿ ಪಟ್ಟಣದಲ್ಲಿ ಶ್ರೀ ವೆಂಕಟೇಶ್ವರ ದೇವಾಲಯವಿದೆ, ವಾಷಿಂಗ್ಟನ್ ಬಳಿಯ ಲ್ಯಾನ್‌ಹ್ಯಾಮ್‌ನಲ್ಲಿ ಶಿವ-ವಿಷ್ಣು ದೇವಾಲಯವಿದೆ, ಅಟ್ಲಾಂಟಾದ ಕನ್ನಡಿಗರಿಗೆ ರಿವರ್‌ಡೇಲ್‌ನ ದೇವಾಲಯವೂ ನೃಪತುಂಗ ಕನ್ನಡ ಕೂಟವೂ ಇವೆ. ಅಮೆರಿಕದ ಚಿನ್ಮಯ ಮಿಷನ್ ಕೇಂದ್ರಗಳಲ್ಲಿ ಮಕ್ಕಳಿಗೆ ಗೀತಾಪಠಣ ಸ್ಪರ್ಧೆಗಳು ನಡೆಯುತ್ತವೆ; ಫಲಾಪೇಕ್ಷೆ ಬೇಡವೆನ್ನುವ ಶ್ಲೋಕವನ್ನೂ ತೀರ್ಪುಗಾರರ ಮುಂದೆ ಒಪ್ಪಿಸಬೇಕಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಬಹುಮಾನ ಅಭ್ಯಾಸಕ್ಕೆ ನೆವವಾಗಿ ಉಳಿಯುವವರೆಗೆ. ಈ ಊರುಗಳ ತಂದೆ-ತಾಯಿಯರು ಮಗು ಆಟ ಮುಗಿಸಿ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಎಲ್ಲಿ ಕಾದೆ, ಅಲ್ಲಿಯೇ ಏಕೆ ಒತ್ತಿದೆ ಎಂದು ಕೇಳಲಿ.