ಹೆಣ ಯಾರಿಗೆ ಬೇಕು?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಚಾಲಕನೊಬ್ಬ ಲಾರಿ ಸಮೇತ ಗಂಗಾವಳಿ ನದಿಯ ಪಾಲಾದ. ಮುಳುಗುತಜ್ಞ ಈಶ್ವರ್ ಮಲ್ಪೆ ಮುಳುಗಿದರು, ನೌಕಾಪಡೆಯವರು ಮುಳುಗಿದರು, ಗೋವಾದಿಂದ ಡ್ರೆಡ್ಜರ್ ಬಂತು. ಶವ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ದಿನಗಳಲ್ಲಿ ಸಂತಪುರದ ಚಾದಂಗಡಿಯಲ್ಲಿ ಒಬ್ಬರು ಅಂದರು: “ಸತ್ತಾಂವ ಸತ್ತ. ಹೆಣಾ ತೆಗ್ಯಾಕ ಇನ್ನೊಬ್ಬ ಯಾಕ ಸಾಯ್ಬೇಕ್ರಿ?” ಕೂತವರೆಲ್ಲ ತಲೆಯಾಡಿಸಿದರು. ನನಗೆ ಮೈ ಉರಿಯಿತು.

ದೇಹ ನಶ್ವರ, ಆತ್ಮ ಅಮರ ಎನ್ನುವವರಿಗೆ ದೂರದಿಂದಲೇ ಶರಣು. ನನ್ನ ಜಗಳ ಗ್ರೀಸಿನ ತತ್ತ್ವಜ್ಞಾನಿ ಡಯೋಜೆನಿಸ್ ಜೊತೆ. ಸತ್ತ ಮೇಲೆ ನನ್ನನ್ನು ಹೂಳದೆ ಬಿಸಾಡಿ ಎಂದನಂತೆ. ನಾಯಿ ನರಿ ತಿಂದಾವು ಎಂದರೆ, ಓಡಿಸಲು ಕೈಗೊಂದು ಕೋಲು ಕೊಡಿ ಎಂದ. ಅರಿವಿಲ್ಲದವನು ಕೋಲು ಹಿಡಿಯುವುದು ಹೇಗೆ ಎಂದರೆ, ಅರಿವೇ ಇಲ್ಲದಿದ್ದರೆ ತಿಂದರೇನು ನಷ್ಟ ಎಂದ. ತರ್ಕ ಗಟ್ಟಿಯಾಗಿದೆ. ಆದರೆ ಅದು ಅವನದೇ ಹೆಣದ ಮಾತು; ತನ್ನ ಹೆಣ ಬಿಟ್ಟುಕೊಡಲು ಯಾರಿಗೂ ಕಷ್ಟವಿಲ್ಲ.

ನಮ್ಮ ಕಡೆ ಹೊಲದ ಬಾವಿಗೆ ಬಿದ್ದ ಹುಡುಗನನ್ನು ಹುಡುಕಲು ಪಾತಾಳಗರಡಿ ತಂದರು. ಕೊಡ ಎತ್ತುವ ಕೊಕ್ಕೆ ಮಗನ ಮೈಗೆ ಚುಚ್ಚುತ್ತದೆಂದು ತಾಯಿ ಹಗ್ಗವನ್ನೇ ಹಿಡಿದುಕೊಂಡಳು. ಕೊನೆಗೆ ಈಜು ಬಲ್ಲ ಕೂಲಿಯಾಳೊಬ್ಬ ಇಳಿದ. ಹೆಣ ಮೇಲೆ ಬರುವವರೆಗೂ ಆಕೆ ಮಗನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಬಂದ ಮೇಲಷ್ಟೇ ಅತ್ತಳು. ಡಯೋಜೆನಿಸನ ಕೋಲು ಈ ತಾಯಿಯನ್ನು ಮುಟ್ಟುವುದಿಲ್ಲ. ಸಾಕ್ಷ್ಯ ಕಾನೂನೂ ಆಕೆಯ ಹಾಗೆಯೇ: ಕಾಣೆಯಾದವನ ಸಾವನ್ನು ಊಹಿಸಲು ಸಾಮಾನ್ಯವಾಗಿ 7 ವರ್ಷ ಕಾಯಬೇಕು.

ಇಷ್ಟಕ್ಕೆ ಗೆದ್ದೆ ಎನ್ನುವಾಗ ಗುಹೆಯ ನೀರಿಗಿಳಿಯುತ್ತಿದ್ದ ಮುಳುಗುಗಾರ ಡೇವಿಡ್ ಶಾ ಅಡ್ಡ ನಿಲ್ಲುತ್ತಾರೆ. ನಮ್ಮ ಬೀದರಿನವರಿಗೆ ಗುಹೆಯ ನೀರೆಂದರೆ ಝರಣಿ ನರಸಿಂಹ. ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡಿ ಬಂದವರು ನಾವು. ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್ ಅಂಥದ್ದಲ್ಲ. ಅಲ್ಲಿ 1994ರಲ್ಲಿ ಮುಳುಗಿ ಸತ್ತ ತರುಣನ ಶವವನ್ನು ಶಾ 2004ರಲ್ಲಿ, ಸುಮಾರು 270 ಮೀಟರ್ ಆಳದಲ್ಲಿ ಕಂಡರು. ತರುತ್ತೇನೆಂದು ತಾವಾಗಿಯೇ ಹೇಳಿ 2005ರ ಜನವರಿ 8ರಂದು ಇಳಿದರು. ಮೂಳೆಯಷ್ಟೇ ಉಳಿದಿರಬಹುದೆಂಬ ಎಣಿಕೆ ತಪ್ಪಾಯಿತು. ಇಡೀ ದೇಹ ಕೆಸರಿನಿಂದ ಬಿಡಿಸಿಕೊಂಡು ತೇಲತೊಡಗಿತು. ಅದನ್ನು ಚೀಲಕ್ಕೆ ತುಂಬುವ ಹೆಣಗಾಟದಲ್ಲಿ ದೀಪದ ತಂತಿ ತೊಡರಿತು, ಏದುಸಿರು ಹೆಚ್ಚಿ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು. ಶಾ ಅಲ್ಲೇ ಸತ್ತರು. ನೆರವಿಗೆ ಇಳಿದ ಡಾನ್ ಶರ್ಲಿ ಬದುಕಿ ಬಂದದ್ದೇ ಹೆಚ್ಚು. ನಾಲ್ಕು ದಿನದ ಮೇಲೆ ಹಗ್ಗ ಎಳೆದಾಗ ಎರಡೂ ಶವ ತೇಲಿ ಬಂದವು.

ಒಬ್ಬ ತಾಯಿಗೆ ಮಗನ ದೇಹ ಸಿಕ್ಕಿತು, ಒಬ್ಬ ಹೆಂಡತಿ ಗಂಡನನ್ನು ಕಳೆದುಕೊಂಡಳು. ಈ ಲೆಕ್ಕದೆದುರು ಚಾದಂಗಡಿಯ ಮಾತೇ ಸರಿ ಎನ್ನದೆ ವಿಧಿಯಿಲ್ಲ. ಹಾಗಂತ ಬೇಡ ಎಂದರೆ ಮುಗಿಯಿತೇ? 2014ರಲ್ಲಿ ನಾರ್ವೆಯ ಪ್ಲುರಾ ಗುಹೆಯಲ್ಲಿ ಇಬ್ಬರು ಫಿನ್ಲೆಂಡಿನವರು ಸತ್ತಾಗ, ಅಪಾಯವೆಂದು ಶವ ತೆಗೆಯುವ ಕೆಲಸವನ್ನೇ ಕೈಬಿಟ್ಟರು. ಗೆಳೆಯರು ಕದ್ದು ಇಳಿದು ಹೊತ್ತು ತಂದರು. ಅವರನ್ನು ಮೂರ್ಖರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅವರಲ್ಲೊಬ್ಬ ಸತ್ತಿದ್ದರೆ ಏನೆನ್ನುತ್ತಿದ್ದೆನೋ.

ಬಾವಿಗಿಳಿದ ಆ ಕೂಲಿಯಾಳಿನ ಮಾತು ಉಳಿಯಿತು. ಇಳಿಯುವ ಮುನ್ನ ಅವನು ಹಿಂದೆಮುಂದೆ ನೋಡಿದ್ದ. ಸುತ್ತ ನಿಂತ ನಾವೇ “ಇಳಿಯೋ, ಏನಾಗಲ್ಲ” ಅಂದಿದ್ದೆವು. ಹೆಣಕ್ಕಾಗಿ ಯಾವ ಆಳದವರೆಗೆ ಇಳಿಯಬೇಕೋ ತೀರ್ಮಾನಿಸಲಾರೆ. ಅಗ್ನಿಶಾಮಕ ದಳದವರು ಬರುವವರೆಗೆ ಕಾಯೋಣ. ಒಲ್ಲೆ ಎಂದವನನ್ನು ಹೇಡಿ ಎನ್ನಬೇಡಿ.