ಖಾಲಿ ಕೊಕ್ಕೆ

ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರು. ಕೆಳಗಿಳಿಯುವ ಮುಂಚೆ ಲ್ಯಾಂಪ್ ರೂಮಿನಲ್ಲಿ ತಮ್ಮ ನಂಬರಿನ ಬಿಲ್ಲೆ ಕೊಟ್ಟು ತಲೆದೀಪ ತೆಗೆದುಕೊಳ್ಳಬೇಕು, ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ಮರಳಿ ಪಡೆಯಬೇಕು. ಪಾಳಿ ಮುಗಿದಾಗ ದೀಪದ ಒಂದು ಕೊಕ್ಕೆ ಖಾಲಿ ಉಳಿದಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ. "ಎಣಿಸೋದು ಬಂದವರನ್ನಲ್ಲಪ, ಬರದವರನ್ನ" ಎನ್ನುತ್ತಿದ್ದರು ಅಪ್ಪ. ಮಕ್ಕಳ ಲಸಿಕೆಗೆಂದೇ ಬದುಕು ಕೊಟ್ಟ ವೈದ್ಯರ ಬಗ್ಗೆ ಓದುವಾಗೆಲ್ಲ ನನಗೆ ಆ ಕೊಕ್ಕೆ ನೆನಪಾಗುತ್ತದೆ.

ನನ್ನ ಓರಗೆಯ ಗೆಳೆಯನೊಬ್ಬ ಬಲಗೈಯನ್ನು ಮೊಣಕಾಲಿಗೆ ಊರಿಕೊಂಡೇ ನಡೆಯುತ್ತಿದ್ದ. ಎರಡು ವರ್ಷದವನಿದ್ದಾಗ ಪೋಲಿಯೋದ ಜ್ವರ ಬಂದು, ಇಳಿಯುವಾಗ ಕಾಲಿನ ಶಕ್ತಿಯನ್ನೂ ಒಯ್ದಿತ್ತು. "ಮೂರೂ ಸಲ ಹನಿ ಹಾಕಿಸೀನಿ" ಎಂದು ಅವನ ತಾಯಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ಒಂದು ಸಲವಾದರೂ ತಪ್ಪಿಸಿರಬೇಕು ಎಂದೇ ಎಲ್ಲರ ತೀರ್ಮಾನ, ತೋರಿಸಿದ ಕಡೆಯೂ ಅದನ್ನೇ ಹೇಳಿದರಂತೆ. ವರ್ಷಗಳು ಕಳೆದಂತೆ ಅವಳಿಗೂ ತನ್ನ ನೆನಪಿನ ಮೇಲೆಯೇ ಅನುಮಾನ ಹುಟ್ಟಿತು. ಮಗನ ಕಾಲು ತನ್ನ ತಪ್ಪೇ ಇರಬೇಕೆಂದು ಒಪ್ಪಿಕೊಂಡೇ ಅವಳು ಮುದುಕಿಯಾದಳು.

ಅವಳ ಮಾತಿಗೆ ಉತ್ತರ 1972ರಲ್ಲೇ ಅಚ್ಚಾಗಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಬರೆದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್. ವೆಲ್ಲೂರು ನಮಗೆ ದೂರದ ಊರಲ್ಲ. ಇಲ್ಲಿನ ವೈದ್ಯರು ಕೈಚೆಲ್ಲಿದ ಮೇಲೆ ಲಿಂಗಸುಗೂರು, ಸಿಂಧನೂರು, ಮಸ್ಕಿಯ ಮಂದಿ ಬುತ್ತಿ ಕಟ್ಟಿಕೊಂಡು ರೈಲು ಹತ್ತುವುದು ಅಲ್ಲಿಗೇ. ಮಕ್ಕಳ ವೈದ್ಯರಾಗಿದ್ದ ಜಾನ್ ವೈರಾಣು ವಿಜ್ಞಾನಕ್ಕೆ ತಿರುಗಿ, ಹನಿ ಹಾಕಿಸಿಕೊಂಡ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. ಶ್ರೀಮಂತ ದೇಶಗಳಲ್ಲಿ ಮೂರು ಡೋಸು ಸಾಕಾಗುತ್ತಿತ್ತು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಮೂರರಿಂದ ರಕ್ಷಣೆಯೇ ಹುಟ್ಟುತ್ತಿರಲಿಲ್ಲ. ಹನಿಯಲ್ಲಿರುವ ದುರ್ಬಲಗೊಳಿಸಿದ ಜೀವಂತ ವೈರಾಣು ಕರುಳಿನಲ್ಲಿ ಬೇರೂರಿದರೆ ಮಾತ್ರ ಫಲ; ಇಲ್ಲಿನ ಕರುಳುಗಳಲ್ಲಿ ಅದು ಸರಿಯಾಗಿ ಬೇರೂರುತ್ತಿರಲಿಲ್ಲ. ಇನ್ನಷ್ಟು ಸಲ ಹಾಕಬೇಕಾಗಿತ್ತು.

ಹನಿ ಹಾಕಿಸಿಕೊಂಡ ಮಗು ಕುಂಟುತ್ತ ಬಂದಾಗ ವೈದ್ಯನ ಮುಂದೆ ಎರಡು ದಾರಿ. ತಾಯಿಯನ್ನು ಶಂಕಿಸುವುದು ಒಂದು, ತನ್ನ ಕೈಯಲ್ಲಿರುವ ಮದ್ದನ್ನು ಶಂಕಿಸುವುದು ಇನ್ನೊಂದು. ಮೊದಲನೆಯದಕ್ಕೆ ಖರ್ಚಿಲ್ಲ. ಓದು ಬಾರದ ಹೆಂಗಸು ಎದುರು ಮಾತಾಡುವುದಿಲ್ಲ, ಪುಸ್ತಕದಲ್ಲಿ ಮೂರು ಎಂದೇ ಬರೆದಿದೆ. ಎರಡನೆಯ ದಾರಿ ಹಿಡಿದವನು ವರ್ಷಗಟ್ಟಲೆ ರಕ್ತದ ಸೀಸೆಗಳ ಮುಂದೆ ಕೂರಬೇಕು. ಆಮೇಲೂ ಮದ್ದನ್ನು ಎಸೆಯುವಂತಿಲ್ಲ, ಇರುವುದು ಅದೊಂದೇ. ಅದರ ಕೊರತೆಯನ್ನು ಬಾಯಿಬಿಟ್ಟು ಹೇಳುತ್ತಲೇ ಅದನ್ನೇ ಹೆಚ್ಚು ಹೆಚ್ಚು ಮಕ್ಕಳಿಗೆ ಮುಟ್ಟಿಸಬೇಕು. ಜಾನ್ ಮಾಡಿದ್ದು ಇದನ್ನೇ. ಊರಿನ ಮಕ್ಕಳಿಗೆಲ್ಲ ಒಟ್ಟಿಗೇ ಹನಿ ಹಾಕಿದರೆ ಕಾಡು ವೈರಾಣುವಿಗೆ ನಿಲ್ಲಲು ಜಾಗವೇ ಸಿಗದು ಎಂಬುದನ್ನು 1980ರ ದಶಕದಲ್ಲಿ ವೆಲ್ಲೂರಿನಲ್ಲಿ ಮಾಡಿ ತೋರಿಸಿದರು. ಹನಿಯಿಂದಲೇ ತೀರಾ ಅಪರೂಪಕ್ಕೆ ಲಕ್ವ ಹೊಡೆಯುವುದುಂಟು ಎಂಬ ಕಹಿ ಸತ್ಯವನ್ನೂ ಅವರು ಮುಚ್ಚಿಡಲಿಲ್ಲ. ಸತ್ತ ವೈರಾಣುವಿನ ಚುಚ್ಚುಮದ್ದು ಬೇಕೆಂದು ದಶಕಗಳ ಕಾಲ ವಾದಿಸಿದರು. ಅದು ದೇಶದ ಲಸಿಕೆ ಕಾರ್ಯಕ್ರಮಕ್ಕೆ ಸೇರಿದ್ದು 2015ರಲ್ಲಿ.

ಮಿಕ್ಕ ಕಥೆ ಎಲ್ಲರಿಗೂ ಗೊತ್ತಿದೆ. 1995ರ ಡಿಸೆಂಬರಿನಲ್ಲಿ ದೇಶದ ತುಂಬ ಪಲ್ಸ್ ಪೋಲಿಯೋ ಶುರುವಾಯಿತು. 2011ರ ಜನವರಿಯಲ್ಲಿ ಹೌರಾದ ಒಂದು ಹೆಣ್ಣುಮಗುವಿನಲ್ಲಿ ಕೊನೆಯ ಕಾಡು ಪೋಲಿಯೋ ಕಂಡಿತು. 2014ರ ಮಾರ್ಚ್ 27ರಂದು ಭಾರತವಿದ್ದ ವಲಯವನ್ನೇ ಪೋಲಿಯೋಮುಕ್ತ ಎಂದು ಸಾರಿದರು. ಅಫ್ಘಾನಿಸ್ತಾನ, ಪಾಕಿಸ್ತಾನಗಳಲ್ಲಿ ಅದು ಉಳಿದಿರುವುದರಿಂದ ನಮ್ಮಲ್ಲಿ ಹನಿ ನಿಂತಿಲ್ಲ. ಗಡಿಯಾಚೆಯ ಕೂಸಿನ ಆರೋಗ್ಯ ನಮ್ಮ ಕೂಸಿನ ಆರೋಗ್ಯವೂ ಹೌದು. ಈ ಅರಿವು ನಮ್ಮ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಅದರಲ್ಲಿ. ಅದೇ ಅರಸನ ಎರಡನೆಯ ಬಂಡೆ ಶಾಸನ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ತನ್ನ ನಾಡಿನಲ್ಲಷ್ಟೇ ಅಲ್ಲ, ಚೋಳ, ಪಾಂಡ್ಯ, ಸಿಂಹಳ, ಯವನರ ಸೀಮೆಗಳಲ್ಲೂ ಮನುಷ್ಯರಿಗೆ, ಪಶುಗಳಿಗೆ ಚಿಕಿತ್ಸೆಯ ಏರ್ಪಾಡು ಮಾಡಿದ್ದಾಗಿ ಅದರಲ್ಲಿ ಹೇಳಿಸಿದ್ದಾನೆ. ಗೆಲ್ಲದ ನಾಡಿನ ರೋಗಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅರಸ ಎಂಬುದಕ್ಕೇ ನನಗೆ ಅವನ ಮೇಲೆ ಗೌರವ.

ಊರಿನ ಮಕ್ಕಳಿಗೆಲ್ಲ ಒಟ್ಟಿಗೇ ಹನಿ ಹಾಕಬೇಕೆಂಬ ವೆಲ್ಲೂರಿನ ಆ ಪಾಠ ನಮ್ಮ ಕೇರಿಗೆ ಬರುವುದು ಆಶಾ ಕಾರ್ಯಕರ್ತೆಯ ಹೆಗಲಿನ ಲಸಿಕೆ ಡಬ್ಬಿಯಲ್ಲಿ. ಐಸ್ ಪ್ಯಾಕುಗಳ ನಡುವೆ ಪುಟ್ಟ ಸೀಸೆ, ಅದರ ಮೇಲೊಂದು ವೃತ್ತ, ವೃತ್ತದೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾಯಿತೆಂದರೆ ಆ ಸೀಸೆಯನ್ನು ಬಳಸುವಂತಿಲ್ಲ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಆ ಚೌಕವನ್ನು ಕಾಯುವುದು ಕೂಸನ್ನು ಕಾದ ಹಾಗೆಯೇ. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ಬಾಗಿಲಿಗೆ ಸೀಮೆಸುಣ್ಣದಲ್ಲಿ 'ಪಿ' ಎಂದು ಬರೆಯುತ್ತಾರೆ. ಒಂದು ಮಗು ತಪ್ಪಿದ್ದರೂ 'ಎಕ್ಸ್'. ಮರುದಿನಗಳ ಓಡಾಟವೆಲ್ಲ ಎಕ್ಸ್ ಬಿದ್ದ ಬಾಗಿಲುಗಳಿಗೇ.

ನಮ್ಮಲ್ಲಿ ಆ ಗುರುತು ಬೀಳುವುದು ಹೆಚ್ಚಾಗಿ ಗುಳೆಯಿಂದ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗಂಡಹೆಂಡತಿ ಕೂಸನ್ನು ಕಟ್ಟಿಕೊಂಡು ಹೊರಡುತ್ತಾರೆ. ಊರಿನ ಪಟ್ಟಿಯಲ್ಲಿ ಹೆಸರಿದೆ, ಕೂಸಿಲ್ಲ. ನಗರದ ಶೆಡ್ಡಿನಲ್ಲಿ ಕೂಸಿದೆ, ಅಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲ.

ಹೋದ ಸಲ ಪಕ್ಕದ ಓಣಿಯಲ್ಲಿ ಆಶಾ ಹೆಣ್ಣುಮಗಳು ಒಂದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅಜ್ಜಿ ಒಬ್ಬಳೇ.

"ದುಡಿಯಾಕ ಹೋಗ್ಯಾರವ್ವ, ಕೂಸೂ ಸಂಗಾಟ ಹೋಗೇತಿ" ಎಂದ ಅಜ್ಜಿಯ ದನಿಯಲ್ಲಿ ಅಂಜಿಕೆಯಿತ್ತು. ಬೈಸಿಕೊಳ್ಳಲು ಸಿದ್ಧಳಾಗಿದ್ದಳು. ನನಗೆ ಗೆಳೆಯನ ತಾಯಿಯ ಮುಖ ಕಣ್ಣಿಗೆ ಕಟ್ಟಿತು.

ಆ ಹುಡುಗಿ ಬೈಯಲಿಲ್ಲ. ಯಾಕೆ ಹಾಕಿಸಲಿಲ್ಲ ಎಂದೂ ಕೇಳಲಿಲ್ಲ.

"ಇರಲಿ ಬಿಡಬೇ, ಯಾವ ಊರಾಗ ಅದಾರ? ಫೋನ್ ನಂಬರ್ ಐತೇನು?" ಎಂದಳು.

ಅಜ್ಜಿ ಒಳಗೆ ಹೋಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾರೋ ಬರೆದುಕೊಟ್ಟಿದ್ದ ನಂಬರು ತಂದಳು. ಇವಳು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು, ಬಾಗಿಲಿಗೆ ಎಕ್ಸ್ ಬರೆದು, ಅಲ್ಲೇ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದಳು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು.