ಎದುರಾಳಿ ಉಳಿಸಿಕೊಟ್ಟ ಪುಸ್ತಕ

1987ರಲ್ಲಿ, ಇಲ್ಲದ ಪುಸ್ತಕವೊಂದು ಇಂಗ್ಲಿಷಿಗೆ ಅನುವಾದವಾಯಿತು. ಅದನ್ನು ಗ್ರೀಕಿನಲ್ಲಿ ಬರೆದವನು ಆರನೆಯ ಶತಮಾನದ ಅಲೆಕ್ಸಾಂಡ್ರಿಯಾ ನಗರದ ಜಾನ್ ಫಿಲೊಪೊನಸ್. ಜಗತ್ತಿಗೆ ಆದಿ ಇಲ್ಲವೆಂಬ ಅರಿಸ್ಟಾಟಲನ ಮತದ ಖಂಡನೆಯೇ ಅದರ ವಿಷಯ. ಪುಸ್ತಕ ಎಂದೋ ಕಳೆದುಹೋಗಿದೆ, ಇಡಿಯಾದ ಹಸ್ತಪ್ರತಿ ಒಂದೂ ಉಳಿದಿಲ್ಲ. ಆದರೂ ಅನುವಾದಕ ಕ್ರಿಶ್ಚಿಯನ್ ವಿಲ್ಡ್‌ಬರ್ಗ್ ಅವರಿಗೆ ಒಂದು ಸಂಪುಟಕ್ಕೆ ಸಾಲುವಷ್ಟು ಸಾಮಗ್ರಿ ಸಿಕ್ಕಿತು. ಎಲ್ಲಿ ಅಂದರೆ, ಆ ಪುಸ್ತಕವನ್ನು ಓದಿ ಕೆರಳಿ, ಅದರ ಮಾತುಗಳನ್ನು ಒಂದೊಂದಾಗಿ ಎತ್ತಿ ಬರೆದುಕೊಂಡು, ಒಂದೊಂದಕ್ಕೂ ಉತ್ತರ ಕೊಟ್ಟ ಸಿಂಪ್ಲಿಕಿಯಸ್ ಎಂಬ ಭಾಷ್ಯಕಾರನ ಬರಹದಲ್ಲಿ. ಹೊಡೆಯಲು ಹೊರಟವನೇ ಉಳಿಸಿಕೊಟ್ಟ.

ನಮಗೆ ಇದು ತೀರ ಹೊಸದಲ್ಲ. ಚಾರ್ವಾಕರು ಹೇಳಿದ್ದೇನು ಎಂದು ತಿಳಿಯಲು ನಾವೂ ಅವರನ್ನು ಖಂಡಿಸಿದವರ ಪೂರ್ವಪಕ್ಷವನ್ನೇ ಹುಡುಕುತ್ತೇವೆ. ಭಾಷ್ಯ, ವಾರ್ತಿಕ, ಟೀಕೆ, ಟಿಪ್ಪಣಿ ಎಂದು ಒಂದರ ಮೇಲೊಂದು ಪದರ ಕಟ್ಟುವ ಅಭ್ಯಾಸವೂ ನಮಗೆ ಗೊತ್ತು. ಮಳಖೇಡದ ಜಯತೀರ್ಥರನ್ನು ಟೀಕಾಚಾರ್ಯರೆಂದೇ ಕರೆದ ನಾಡು ಇದು. ಹಾಗಾಗಿ ಗ್ರೀಕ್ ಭಾಷ್ಯಗಳ ಲೋಕಕ್ಕೆ ಕಾಲಿಡುವ ಕನ್ನಡಿಗನಿಗೆ ಒಂದು ಅನುಕೂಲವಿದೆ. ವ್ಯಾಖ್ಯಾನವೆಂದರೆ ಎರಡನೇ ದರ್ಜೆಯ ಕೆಲಸ, ಸ್ವಂತ ಬುದ್ಧಿ ಇಲ್ಲದವನು ಮಾಡುವಂಥದ್ದು ಎಂಬ ತಾತ್ಸಾರ ಅವನಿಗೆ ಸುಲಭಕ್ಕೆ ಬರುವುದಿಲ್ಲ. ಯುರೋಪಿನ ವಿದ್ವಾಂಸರಲ್ಲಿ ಆ ತಾತ್ಸಾರ ಬಹುಕಾಲ ಇತ್ತು.

ಅರಿಸ್ಟಾಟಲ್ ತೀರಿಕೊಂಡದ್ದು ಕ್ರಿ.ಪೂ. 322ರಲ್ಲಿ. ಅವನ ಗ್ರಂಥಗಳ ಮೇಲಿನ ದೊಡ್ಡ ಭಾಷ್ಯಗಳು ಬಂದದ್ದು ಐದಾರು ಶತಮಾನಗಳು ಕಳೆದ ಮೇಲೆ. ಕ್ರಿ.ಶ. 200ರ ಸುಮಾರಿಗೆ ಅಫ್ರೊಡಿಸಿಯಾಸ್ ಊರಿನ ಅಲೆಕ್ಸಾಂಡರ್, ರೋಮನ್ ಚಕ್ರವರ್ತಿ ಕೊಟ್ಟ ಅಧ್ಯಾಪಕ ಪೀಠದಲ್ಲಿ ಕೂತು ಬರೆದ. ಆಮೇಲೆ ಪಾರ್ಫಿರಿ, ಥೆಮಿಸ್ಟಿಯಸ್ ಮುಂತಾದವರು ಬಂದರು. ಐದನೆಯ ಶತಮಾನದ ಕೊನೆಗೆ ಅಲೆಕ್ಸಾಂಡ್ರಿಯಾದಲ್ಲಿ ಅಮ್ಮೋನಿಯಸ್ ಎಂಬ ಮೇಷ್ಟರ ಪಾಠಶಾಲೆ ಹೆಸರುವಾಸಿಯಾಗಿತ್ತು. ಪೋಲೆಂಡಿನ ಉತ್ಖನನಕಾರರು ಅದೇ ನಗರದ ಕೋಮ್ ಎಲ್ ದಿಕ್ಕಾ ಎಂಬಲ್ಲಿ ಸುಮಾರು ಇಪ್ಪತ್ತು ಪಾಠದ ಕೋಣೆಗಳನ್ನು ಅಗೆದು ತೆಗೆದಿದ್ದಾರೆ. ಕುದುರೆ ಲಾಳದ ಆಕಾರದಲ್ಲಿ ಕಲ್ಲಿನ ಮೆಟ್ಟಿಲುಗಳು, ಅವುಗಳ ನೆತ್ತಿಯಲ್ಲಿ ಗುರುವಿನ ಆಸನ. ಭಾಷ್ಯ ಹುಟ್ಟುತ್ತಿದ್ದದ್ದು ಇಂಥ ಕೋಣೆಗಳಲ್ಲಿ. ಗುರು ಮೂಲದ ಒಂದು ತುಣುಕನ್ನು ಓದಿಸುತ್ತಾನೆ. ಮೊದಲು ಅದರ ಒಟ್ಟು ವಿಚಾರ, ಆಮೇಲೆ ಪದಪದಕ್ಕೆ ಅರ್ಥ. ಶಿಷ್ಯರು ಬರೆದುಕೊಳ್ಳುತ್ತಾರೆ. ಎಷ್ಟೋ ಭಾಷ್ಯಗಳ ತಲೆಬರಹದಲ್ಲೇ 'ಅಮ್ಮೋನಿಯಸನ ಬಾಯಿಂದ ಕೇಳಿದ್ದು' ಎಂಬ ಅರ್ಥದ ಒಕ್ಕಣೆ ಇದೆ. ಅಂದರೆ ಇವತ್ತು ನಾವು ಓದುತ್ತಿರುವುದು ಸಾವಿರದೈನೂರು ವರ್ಷ ಹಳೆಯ ಕ್ಲಾಸ್ ನೋಟ್ಸ್.

ಪಾಠ ಶುರುವಾಗುವ ಮುನ್ನ ಉತ್ತರಿಸಬೇಕಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿತ್ತು. ಅದರಲ್ಲಿ ಒಂದು ನನಗೆ ಬಹಳ ಇಷ್ಟ: ಅರಿಸ್ಟಾಟಲ್ ಯಾಕೆ ಇಷ್ಟು ಕ್ಲಿಷ್ಟವಾಗಿ ಬರೆದ? ಅಮ್ಮೋನಿಯಸನ ಉತ್ತರದಲ್ಲಿ ದೇವಸ್ಥಾನದ ತೆರೆಯ ಹೋಲಿಕೆ ಬರುತ್ತದೆ. ಯೋಗ್ಯತೆ ಇಲ್ಲದವರ ಕಣ್ಣಿಗೆ ಒಳಗಿನದು ಬೀಳದಿರಲೆಂದು ಅಲ್ಲಿ ತೆರೆ ಎಳೆದಿರುವಂತೆ ಇಲ್ಲಿ ಕ್ಲಿಷ್ಟತೆ. ಅದು ನಿಜವೋ, ಅರಿಸ್ಟಾಟಲ್ ಬಿಟ್ಟುಹೋದದ್ದೇ ಪಾಠದ ಟಿಪ್ಪಣಿಗಳಾದ್ದರಿಂದ ಹಾಗೋ, ಅದು ಬೇರೆ ಮಾತು. ಆದರೆ ತೆರೆ ಇದೆ ಎಂದಮೇಲೆ ತೆರೆ ಸರಿಸುವವನೊಬ್ಬ ಬೇಕು. ಭಾಷ್ಯಕಾರನ ಅಧಿಕಾರ ಅಲ್ಲಿಂದ ಬರುತ್ತದೆ.

ಆ ಅಧಿಕಾರಕ್ಕೆ ಎರಡು ಷರತ್ತುಗಳಿದ್ದವು. ಅವು ಒಂದಕ್ಕೊಂದು ಹೊಂದುವುದೂ ಕಷ್ಟ. ಮೂಲಕಾರ ಹೇಳಿದ್ದೆಲ್ಲ ದೇವವಾಣಿ ಎಂದು ಭಾಷ್ಯಕಾರ ತಲೆಯಾಡಿಸಬಾರದು, ಇದು ಒಂದು. ಇನ್ನೊಂದನ್ನು ಸಿಂಪ್ಲಿಕಿಯಸ್ ಒತ್ತಿ ಹೇಳುತ್ತಾನೆ: ಪ್ಲೇಟೋ ಮತ್ತು ಅರಿಸ್ಟಾಟಲರ ಅಕ್ಷರ ಮಾತ್ರ ನೋಡಿ ಇಬ್ಬರಿಗೂ ಜಗಳ ಹಚ್ಚಬಾರದು, ಅಕ್ಷರದ ಹಿಂದಿನ ಇಂಗಿತವನ್ನು ಹಿಡಿದು ಅವರ ಒಮ್ಮತವನ್ನು ತೋರಿಸಬೇಕು. ನಮ್ಮ ಮಾತಿನಲ್ಲಿ ಅದು ಸಮನ್ವಯ. ಆದರೆ ಪ್ಲೇಟೋವಿನ 'ತಿಮಾಯಸ್' ಸಂವಾದ ಜಗತ್ತು ಉಂಟಾಯಿತು ಎನ್ನುತ್ತದೆ, ಅರಿಸ್ಟಾಟಲ್ ಅದು ಯಾವಾಗಲೂ ಇತ್ತು ಎನ್ನುತ್ತಾನೆ. ಇಲ್ಲಿ ಸಮನ್ವಯ ಹೇಗೆ?

ಪಂಡಿತರು ಕೈಹಾಕಿದ್ದು ಒಂದು ಪದಕ್ಕೆ. 'ಉಂಟಾದದ್ದು' ಎಂಬರ್ಥದ ಗ್ರೀಕ್ ಪದ 'ಗೆನೆತೋಸ್'. ಎರಡನೆಯ ಶತಮಾನದ ಪ್ಲೇಟೋವಾದಿ ಟಾರಸ್ ಈ ಪದಕ್ಕೆ ನಾಲ್ಕು ಅರ್ಥ ಕೊಟ್ಟ. ಹುಟ್ಟದಿದ್ದರೂ ಹುಟ್ಟುವ ವಸ್ತುಗಳ ಜಾತಿಗೇ ಸೇರಿದ್ದು ಒಂದು. ಭೂಮಿಯ ನಡುಮಧ್ಯದಲ್ಲಿ ಹೂತಿರುವುದನ್ನು ಯಾರೂ ನೋಡಲಾರರು, ಆದರೂ ಅದು ಕಣ್ಣಿಗೆ ಕಾಣಬಲ್ಲ ಜಾತಿಯ ವಸ್ತುವೇ, ಹಾಗೆ. ಯಾರೂ ಜೋಡಿಸದಿದ್ದರೂ ಬುದ್ಧಿಯಿಂದ ಬಿಡಿಸಿ ನೋಡಬಹುದಾದದ್ದು ಎರಡನೆಯದು. ಸದಾ ಆಗುತ್ತಲೇ ಇರುವುದು, ಒಂದು ಕ್ಷಣವೂ ಇದ್ದಂತೆ ಇರದಿರುವುದು ಮೂರನೆಯದು. ತನ್ನ ಇರವಿಗೆ ಇನ್ನೊಂದನ್ನು ನೆಚ್ಚಿಕೊಂಡಿರುವುದು ನಾಲ್ಕನೆಯದು. ಚಂದ್ರನ ಬೆಳಕು ಸೂರ್ಯನಿಂದ ಬಂದದ್ದು. ಆದರೆ ಆ ಬೆಳಕು ಇಲ್ಲದಿದ್ದ ಕಾಲವೊಂದು ಇರಬೇಕಾಗಿಲ್ಲ. ಹಾಗೆಯೇ ಜಗತ್ತು ಬೇರೊಂದರಿಂದ 'ಉಂಟಾದದ್ದು' ಎಂದರೂ ಅದಕ್ಕೆ ಮೊದಲ ದಿನ ಬೇಕಿಲ್ಲ. ನಾಲ್ಕರಲ್ಲಿ ಒಂದಕ್ಕೂ ಹುಟ್ಟಿದ ದಿನದ ಗೊಡವೆ ಇಲ್ಲ ಎಂಬುದನ್ನು ಗಮನಿಸಿ. ಟೀಕೆ ಬರೆಯುವ ನೆಪದಲ್ಲಿ ಟಾರಸ್ ತತ್ತ್ವಶಾಸ್ತ್ರಕ್ಕೆ ಅಮೂಲ್ಯವಾದ ಒಂದು ಭೇದವನ್ನು ಕೊಟ್ಟ. ಆಸರೆ ಬೇರೆ, ಆರಂಭ ಬೇರೆ.

ಈ ಪಟ್ಟಿ ಉಳಿದಿರುವುದೂ ಎದುರಾಳಿಯ ದಯೆಯಿಂದಲೇ. ಅದನ್ನು ಉದ್ಧರಿಸಿ ತಪ್ಪು ಎಂದವನು ಫಿಲೊಪೊನಸ್. ಪ್ರೊಕ್ಲಸ್ ಎಂಬ ಅಥೆನ್ಸಿನ ದಾರ್ಶನಿಕನ ವಿರುದ್ಧ ಅವನು 529ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಅದು ಸಿಗುತ್ತದೆ. ಅದೇ 529ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರದ ಪಾಠವನ್ನು ನಿಷೇಧಿಸಿದ. ಸಿಂಪ್ಲಿಕಿಯಸ್ ಸೇರಿ ಏಳು ಮಂದಿ ದಾರ್ಶನಿಕರು ಪರ್ಷಿಯಾದ ದೊರೆ ಖುಸ್ರೋನ ಆಸ್ಥಾನಕ್ಕೆ ಹೋದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಜಸ್ಟಿನಿಯನ್ ಜೊತೆಗಿನ 532ರ ಒಪ್ಪಂದದಲ್ಲಿ ಅವರಿಗೆ ಕಿರುಕುಳ ಕೊಡಕೂಡದೆಂಬ ಷರತ್ತನ್ನು ಖುಸ್ರೋ ಸೇರಿಸಿದ ಮೇಲೆ ಹಿಂದಿರುಗಿದರು. ತರಗತಿ ಇಲ್ಲ, ಶಿಷ್ಯರಿಲ್ಲ. ಸಿಂಪ್ಲಿಕಿಯಸನ ದೈತ್ಯ ಭಾಷ್ಯಗಳು ಈ ಕಾಲದವು. ಅರಿಸ್ಟಾಟಲನ 'ಭೌತಶಾಸ್ತ್ರ'ದ ಮೇಲೆ ಬರೆದದ್ದೊಂದೇ ಬರ್ಲಿನ್ ಮುದ್ರಣದಲ್ಲಿ 1300 ಪುಟ ಮೀರುತ್ತದೆ. ಪ್ರಾಚೀನ ಗ್ರೀಕ್ ದಾರ್ಶನಿಕ ಪಾರ್ಮೆನಿಡಿಸನ ಕಾವ್ಯದ ಉದ್ದುದ್ದ ಭಾಗಗಳನ್ನು ಅದರಲ್ಲಿ ನಕಲು ಮಾಡಿಟ್ಟ. ಪುಸ್ತಕ ಸಿಗುವುದೇ ಅಪರೂಪವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದು ಕಾರಣವನ್ನೂ ಹೇಳಿದ. ಪಾರ್ಮೆನಿಡಿಸ್ ಇವತ್ತು ನಮಗೆ ಇಷ್ಟಾದರೂ ಸಿಕ್ಕಿರುವುದು ಬಹುಪಾಲು ಆ ಮಾತಿನ ಪುಣ್ಯ.

ಫಿಲೊಪೊನಸ್ ಮತ್ತು ಸಿಂಪ್ಲಿಕಿಯಸ್ ಇಬ್ಬರೂ ಅಮ್ಮೋನಿಯಸನ ಶಿಷ್ಯರು. ಒಬ್ಬ ಕ್ರೈಸ್ತ, ಇನ್ನೊಬ್ಬ ಹಳೆಯ ದೇವರುಗಳ ಭಕ್ತ. ಸಿಂಪ್ಲಿಕಿಯಸ್ ಎದುರಾಳಿಯ ಹೆಸರನ್ನು ಬಾಯಿಗೆ ತರದೆ 'ಆ ವ್ಯಾಕರಣದವನು' ಎಂದು ಹಂಗಿಸುತ್ತಾನೆ. ಆತನನ್ನು ಕಣ್ಣಾರೆ ಕಂಡ ನೆನಪಿಲ್ಲ, ವೈಯಕ್ತಿಕ ದ್ವೇಷವೇನೂ ಇಲ್ಲ ಎಂದೂ ಸೇರಿಸುತ್ತಾನೆ. ಬೈಗುಳ ನೋಡಿದರೆ ನಂಬುವುದು ಕಷ್ಟ.

ಇಷ್ಟು ಕೆರಳಿಸಿದ ಆ ವಾದ ಯಾವುದು? ಅರಿಸ್ಟಾಟಲನ ಪ್ರಕಾರ ಅನಂತ ಎಂಬುದು ಎಂದೂ ಪೂರ್ತಿಯಾಗಿ ಇರುವಂಥದ್ದಲ್ಲ. ಎಷ್ಟು ಎಣಿಸಿದರೂ ಮುಂದಿನದೊಂದು ಸಂಖ್ಯೆ ಇರುತ್ತದೆ, ಅಷ್ಟೇ. ಎಣಿಸಿ ಮುಗಿಸಿದ ಅನಂತ ಇಲ್ಲ. ಅನಂತವನ್ನು ದಾಟಿ ಬರಲೂ ಆಗುವುದಿಲ್ಲ. ಫಿಲೊಪೊನಸ್ ಈ ನಿಯಮವನ್ನು ಪೂರ್ತಿ ಒಪ್ಪುತ್ತಾನೆ. ಒಪ್ಪಿ, ಗುರುವಿಗೇ ತಿರುಮಂತ್ರ ಹಾಕುತ್ತಾನೆ. ಜಗತ್ತಿಗೆ ಆದಿ ಇಲ್ಲವಾದರೆ ಇವತ್ತಿನವರೆಗೆ ಕಳೆದ ವರ್ಷಗಳು ಅನಂತ, ಮತ್ತು ಅವೆಲ್ಲ ಕಳೆದಾಗಿದೆ. ದಾಟಲಾಗದ್ದನ್ನು ದಾಟಿ ಇವತ್ತು ಬಂದಿತು ಹೇಗೆ? ಬರುವ ವರ್ಷ ಇದಕ್ಕೆ ಇನ್ನೊಂದು ಕೂಡುತ್ತದೆ. ಹಾಗಾದರೆ ಅನಂತಕ್ಕಿಂತ ದೊಡ್ಡದೊಂದು ಇದೆಯೇ? ಗ್ರಹಗಳನ್ನೂ ಸಾಕ್ಷಿಗೆ ಕರೆಯುತ್ತಾನೆ. ಶನಿ ಒಂದು ಸುತ್ತು ಬರಲು ಸುಮಾರು 30 ವರ್ಷ, ಗುರುವಿಗೆ 12, ಸೂರ್ಯನಿಗೆ 1. ಶನಿಯ ಸುತ್ತುಗಳು ಅನಂತವಾದರೆ ಸೂರ್ಯನವು ಆ ಅನಂತದ 30 ಪಟ್ಟು, ಚಂದ್ರನವು 360 ಪಟ್ಟಿಗೂ ಹೆಚ್ಚು. ಮುಗಿಯದ್ದನ್ನು ಮೂವತ್ತರಿಂದ ಗುಣಿಸುವುದೆಂದರೇನು?

ಸಿಂಪ್ಲಿಕಿಯಸ್ ತಣ್ಣಗೆ ಉತ್ತರಿಸುತ್ತಾನೆ. ಕಳೆದ ವರ್ಷಗಳು ಎಲ್ಲಾದರೂ ರಾಶಿ ಬಿದ್ದಿವೆಯೇ? ಬಂದದ್ದು ಹೋಗಿದೆ. ಒಟ್ಟಿಗೆ ಇರುವ ಅನಂತವನ್ನಷ್ಟೇ ಅರಿಸ್ಟಾಟಲ್ ಅಲ್ಲಗಳೆದದ್ದು. ಇಬ್ಬರಲ್ಲಿ ಗೆದ್ದವರಾರು ಎಂದು ಕೇಳಿದರೆ, ಆ ಕಾಲದ ಮಟ್ಟಿಗೆ ಫಿಲೊಪೊನಸನೇ ಎಂದು ನನಗನಿಸುತ್ತದೆ. ಒಟ್ಟಿಗಿಲ್ಲ ಎಂಬುದು ದಾಟಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವಲ್ಲ. ಆದರೆ ಕೊರತೆ ಇರುವುದು ಪ್ರಶ್ನೆಯಲ್ಲೇ: ದಾಟಬೇಕಾದರೆ ಹೊರಟ ಜಾಗ ಬೇಕು, ಅನಾದಿ ಎಂದಮೇಲೆ ಹೊರಟ ಜಾಗವೇ ಇಲ್ಲ. ಹಿಂದಿನ ಯಾವ ದಿನವನ್ನು ಬೊಟ್ಟುಮಾಡಿದರೂ ಅಲ್ಲಿಂದ ಇಲ್ಲಿಗೆ ಲೆಕ್ಕಕ್ಕೆ ಸಿಗುವಷ್ಟೇ ದಿನಗಳು. ಇನ್ನು 30 ಪಟ್ಟಿನ ಒಗಟಿಗೆ, 'ಹೆಚ್ಚು' ಎಂಬ ಮಾತು ಅನಂತಗಳ ನಡುವೆ ಯಾವ ಅರ್ಥದಲ್ಲಿ ಸಲ್ಲುತ್ತದೆ ಎಂದು ಬಿಡಿಸಿ ನೋಡುವ ಕೆಲಸ ಯುರೋಪಿನಲ್ಲಿ ಶುರುವಾದದ್ದು 14ನೇ ಶತಮಾನದಲ್ಲಿ. ಗಣಿತದ ಭಾಷೆ ಸಿಕ್ಕಿದ್ದು 19ನೇ ಶತಮಾನದ ಗಣಿತಜ್ಞ ಕ್ಯಾಂಟರ್‌ನಿಂದ. ಅಷ್ಟರೊಳಗೆ ಶನಿಯ ಸುತ್ತುಗಳು ಅರಬ್ಬಿಗೆ ಹೋಗಿ ಇಸ್ಲಾಮಿ ಚಿಂತಕ ಅಲ್ ಗಝಾಲಿಯ ಕೈಯಲ್ಲಿ ದಾರ್ಶನಿಕರ ಮೇಲಿನ ಅಸ್ತ್ರವಾಗಿದ್ದವು. ಸಂಸಾರ ಅನಾದಿ ಎಂದು ಬೀಜಾಂಕುರ ನ್ಯಾಯ ಹೇಳಿ ಮುಂದೆ ಸಾಗುವ ನಮಗೂ ಈ ಪ್ರಶ್ನೆಯ ಮುಂದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಖಂಡನಗ್ರಂಥದಲ್ಲಿ ಮಾತ್ರವಲ್ಲ, ಭಾಷ್ಯದ ನಡುವೆಯೇ ಫಿಲೊಪೊನಸ್ ಹೀಗೆ ಅಡ್ಡ ತಿರುಗುತ್ತಿದ್ದ. ಎಸೆದ ಕಲ್ಲು ಕೈಬಿಟ್ಟ ಮೇಲೂ ಮುಂದೆ ಹೋಗುವುದು ಹಿಂದಿನ ಗಾಳಿ ತಳ್ಳುವುದರಿಂದ ಎಂಬುದು ಅರಿಸ್ಟಾಟಲನ ವಿವರಣೆ. 517ರ ಸುಮಾರಿನ ಭಾಷ್ಯದಲ್ಲಿ ಫಿಲೊಪೊನಸ್ ಕೇಳುತ್ತಾನೆ: ಹಾಗಿದ್ದರೆ ಕೈ ಯಾಕೆ, ಬಿಲ್ಲಿನ ಹೆದೆ ಯಾಕೆ? ಬಾಣವನ್ನು ಕೋಲಿನ ತುದಿಯಲ್ಲಿಟ್ಟು ಹಿಂದಿನಿಂದ ಸಾವಿರ ಯಂತ್ರ ಹಚ್ಚಿ ಗಾಳಿ ನೂಕಿದರಾಯಿತಲ್ಲ, ಆದರೆ ಅದು ಮೊಳದಷ್ಟೂ ಸರಿಯದು. ಎಸೆಯುವವನು ಕಲ್ಲಿಗೇ ಒಂದು ಚಲನಶಕ್ತಿಯನ್ನು ತುಂಬುತ್ತಾನೆ ಎಂಬುದು ಅವನ ಉತ್ತರ. ಸಾವಿರ ವರ್ಷದ ಮೇಲೆ ಇಟಲಿಯಲ್ಲಿ ಎಳೆಯ ಗೆಲಿಲಿಯೋ ಚಲನೆಯ ಬಗ್ಗೆ ಬರೆಯುವಾಗ ಫಿಲೊಪೊನಸನ ಹೆಸರು ಹೇಳುತ್ತಾನೆ.

ಇಷ್ಟೆಲ್ಲ ಇದ್ದೂ 20ನೇ ಶತಮಾನದ ಕೊನೆಯವರೆಗೆ ಈ ಸಾಹಿತ್ಯದ ಬಹುಭಾಗಕ್ಕೆ ಗ್ರೀಕ್ ಬಲ್ಲವರೇ ಗತಿ. ಬರ್ಲಿನ್ನಿನ ಪ್ರಶ್ಯನ್ ಅಕಾಡೆಮಿ 1882ರಿಂದ 1909ರವರೆಗೆ ಸುಮಾರು 15,000 ಪುಟಗಳನ್ನು ಅಚ್ಚುಹಾಕಿತ್ತು. ಮೂಲ ಗ್ರೀಕಿನಲ್ಲಿ, ಪೀಠಿಕೆ ಲ್ಯಾಟಿನ್ನಿನಲ್ಲಿ. ಅದನ್ನು ಇಂಗ್ಲಿಷಿಗೆ ತರುವ ಮಾಲೆಯನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಟ್ಟಿದವರು ರಿಚರ್ಡ್ ಸೊರಾಬ್ಜಿ. ಭಾರತದ ಮೊದಲ ಮಹಿಳಾ ನ್ಯಾಯವಾದಿ ಕಾರ್ನೆಲಿಯಾ ಸೊರಾಬ್ಜಿ ಇವರ ಸೋದರತ್ತೆ. 1987ರಲ್ಲಿ ಶುರುವಾದ ಮಾಲೆ ಈಗ ನೂರು ಸಂಪುಟ ದಾಟಿದೆ. ಪ್ರತಿ ಅನುವಾದದ ಕರಡೂ ಹಲವು ವಿದ್ವಾಂಸರ ಕೈಗೆ ಹೋಗಿ, ತಿದ್ದುಪಡಿ ಹೊತ್ತು ಮರಳುತ್ತಿತ್ತು. ಭಾಷ್ಯದ ಮೇಲೆ ಮತ್ತೊಂದು ಸುತ್ತು ಭಾಷ್ಯ ಎನ್ನಿ.

ಭಾಷ್ಯದ ಅನುವಾದ ಮೂಲದ ಅನುವಾದಕ್ಕಿಂತ ಕಷ್ಟ. ಅರಿಸ್ಟಾಟಲನನ್ನು ಅನುವಾದಿಸುವವನು ಒಂದು ಪದಕ್ಕೆ ತನಗೆ ಸರಿ ಕಂಡ ಅರ್ಥ ಆರಿಸಿ ಮುಂದೆ ಹೋಗಬಹುದು. ಭಾಷ್ಯದ ಅನುವಾದಕನಿಗೆ ಆ ಸ್ವಾತಂತ್ರ್ಯವಿಲ್ಲ. 'ಗೆನೆತೋಸ್' ಎಂಬುದಕ್ಕೆ 'ಸೃಷ್ಟವಾದದ್ದು' ಎಂದು ಬರೆದುಬಿಟ್ಟರೆ ಟಾರಸನ ನಾಲ್ಕು ಅರ್ಥಗಳೂ ಹುಚ್ಚು ಹರಟೆಯಂತೆ ಕೇಳುತ್ತವೆ, ಏಕೆಂದರೆ ತೀರ್ಪು ಪದದಲ್ಲೇ ಆಗಿಹೋಗಿರುತ್ತದೆ. ಮೂಲದ ಗೊಂದಲವನ್ನು ಗೊಂದಲವಾಗಿಯೇ ದಾಟಿಸಬೇಕು. ಜಗಳ ನಡೆದಿರುವುದೇ ಅದರ ಮೇಲೆ. ಕನ್ನಡದ 'ಉಂಟಾದದ್ದು' ಈ ವಿಷಯದಲ್ಲಿ ಇಂಗ್ಲಿಷಿಗಿಂತ ಒಂದು ಕೈ ಮೇಲು. ಅದರೊಳಗೆ ಹುಟ್ಟೂ ಇದೆ, ಬರೀ ಇರವೂ ಇದೆ. ದೇವರುಂಟು ಎನ್ನುವಾಗ ನಾವೇನೂ ಅವನ ಹುಟ್ಟಿದ ದಿನ ಹೇಳುತ್ತಿರುವುದಿಲ್ಲ.

ವಿಲ್ಡ್‌ಬರ್ಗ್ ಕೂಡಿಸಿದ ಸಂಪುಟಕ್ಕೆ ಮರಳಿದರೆ, ಸಿಂಪ್ಲಿಕಿಯಸ್ ಫಿಲೊಪೊನಸನ ಗ್ರಂಥದಿಂದ ಎತ್ತಿಕೊಂಡದ್ದು ಮೊದಲ ಆರು ಭಾಗಗಳಿಂದ ಮಾತ್ರ. ಅವನಿಗೆ ಬೇಕಾದ ಜಗಳ ಅಷ್ಟರಲ್ಲಿತ್ತು. ಆದರೆ ಲಂಡನ್ನಿನಲ್ಲಿರುವ ಸಿರಿಯಾಕ್ ಭಾಷೆಯ ಹಸ್ತಪ್ರತಿಯೊಂದರಲ್ಲಿ ಅದೇ ಗ್ರಂಥದ ಸಣ್ಣ ಚೂರೊಂದಿದೆ, ಎಂಟನೆಯ ಭಾಗದ್ದು. ಈ ಜಗತ್ತು ಕೊನೆಗೊಂಡ ಮೇಲೆ ಶೂನ್ಯವಾಗುವುದಿಲ್ಲ, ಬೇರೊಂದು ಸ್ಥಿತಿಗೆ ಸಲ್ಲುತ್ತದೆ ಎಂಬ ಮಾತು ಅಲ್ಲಿ ಬರುತ್ತದೆ. ಆ ಕೊನೆಯ ಭಾಗಗಳ ಜೊತೆ ಜಗಳವಾಡಲು ಸಿಂಪ್ಲಿಕಿಯಸ್ ಹೋಗಲಿಲ್ಲ.